ಏಳನೇ ತೂಬಿನ ಸರದಿ ಪಟ್ಟಿ

ಮಾರಿಕಣಿವೆ
14–10–2001

ಬೃಂದಾ ಮಗಳೇ,

ನಿನಗೆ ಒಳ್ಳೆಯದಾಗಲಿ. ನಾನು, ನಿನ್ನ ಅತ್ತೆ ಮಲ್ಲಕ್ಕ ಇಬ್ಬರೂ ಇದ್ದ ಹಾಗೆ ಇದ್ದೇವೆ. ನಿನಗೆ ಫೋನ್ ಮಾಡೋಣ ಅಂತ ಎರಡು ಸಲ ಬೂತಿನ ತನಕ ಹೋಗಿ ವಾಪಸ್ ಬಂದೆ. ಫೋನಿನಲ್ಲಿ ಚುಕ್ಕಿ, ಕಂಸ, ಖಾಲಿ ಜಾಗ ಇವನ್ನೆಲ್ಲ ಹೇಳುವುದು ಹೇಗೆ? ಅದಕ್ಕೇ ಕಾಗದ.

ಗೌರಿ ಹಬ್ಬಕ್ಕೆ ನೀನು ಬಂದಿದ್ದಾಗ ನಮ್ಮ ನೀರು ಸಂಘದ ಹಳೇ ಕಂಪ್ಯೂಟರಿಗೆ ಪೈಥಾನ್ ಹಾಕಿಕೊಟ್ಟು, ಎರಡು ದಿನ ಕೂರಿಸಿಕೊಂಡು ಹೇಳಿಕೊಟ್ಟು ಹೋದೆಯಲ್ಲ. ಅದನ್ನೇ ಹಿಡಿದುಕೊಂಡು ಕೂತಿದ್ದೇನೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ಆಮೇಲೆ ಹೊರಗಿನಿಂದ ಎರಡು ಸಲ ಪರೀಕ್ಷೆ ಕಟ್ಟಿ ಎರಡು ಸಲವೂ ಗಣಿತದಲ್ಲಿ ಬಿದ್ದವನು. ನನ್ನ ಕೈಗೆ ಇದನ್ನು ಕೊಟ್ಟಿದ್ದು ಸರಿಯೋ ತಪ್ಪೋ ಅಂತ ದಿನಾ ಅನ್ನಿಸುತ್ತದೆ.

ವಿಷಯ ಇಷ್ಟು. ನಮ್ಮ ಏಳನೇ ತೂಬಿನ ಕೆಳಗೆ ನಲವತ್ತಮೂರು ಮನೆಯವರ ಹೊಲ. ಯಾರ ನಂತರ ಯಾರಿಗೆ ನೀರು ಅನ್ನುವ ಸರದಿ ಯಾವ ಪುಸ್ತಕದಲ್ಲೂ ಇಲ್ಲ. ಹೊಲಹೊಲಕ್ಕೆ ನೀರು ತಿರುಗಿಸುವ ನೀರಗಂಟಿ ಸಣ್ಣತಿಮ್ಮಪ್ಪನ ಬಾಯಲ್ಲಿ ಇದೆ. ಹೊಲ ಇರುವ ಸಾಲಿಗೂ ಸರದಿಗೂ ಸಂಬಂಧವಿಲ್ಲ. ಯಾವನೋ ತಾತ ಮಗಳ ಮದುವೆ ಅಂತ ಸರದಿ ಬಿಟ್ಟುಕೊಟ್ಟಿದ್ದು, ಅಣ್ಣತಮ್ಮಂದಿರ ಪಾಲಿನಲ್ಲಿ ಹಿಂದುಮುಂದಾಗಿದ್ದು, ಎಲ್ಲ ಸೇರಿ ಹಾಗೆ ಆಗಿದೆ. ಕಾಲುವೆ ದುರಸ್ತಿ ಅಂತ ಮೂರು ವರ್ಷ ನಮ್ಮ ತೂಬಿಗೆ ನೀರಿರಲಿಲ್ಲ. ಈ ಸಲ ಸಂಕ್ರಾಂತಿ ಕಳೆದು ಬಿಡುತ್ತಾರಂತೆ. ಮುದುಕನಿಗೆ ಎಪ್ಪತ್ತೆಂಟು. ಅದಕ್ಕೇ ಅವನ ಜೊತೆ ಕಾಲುವೆಯ ಮೇಲೆ ನಾಲ್ಕು ದಿನ ನಡೆದು, ಅವನು ಹೇಳಿದ ಹಾಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಆಮೇಲೆ saradi ಅನ್ನುವ ಫೈಲಿಗೆ ಹೊಡೆದೆ. ಇಂಗ್ಲಿಷ್ ಅಕ್ಷರದಲ್ಲಿ ನಲವತ್ತಮೂರು ಹೆಸರು ಹೊಡೆಯಲು ನನಗೆ ಹಿಡಿದದ್ದು ಐದು ದಿನ.

ಈಗ ಕಾರ್ಯದರ್ಶಿ ಶಿವಕುಮಾರಪ್ಪನವರು ಹೇಳುತ್ತಾರೆ, "ಎರಡು ಪಟ್ಟಿ ಮಾಡ್ರಿ ಚಿತ್ತಪ್ಪ. ಒಂದು ಸರದಿ. ಇನ್ನೊಂದು ಅಕಾರಾದಿ. ಬಂದೋರು ಗೋಡೆ ಮುಂದೆ ನಿಂತು ತಮ್ಮ ಹೆಸ್ರು ಹುಡುಕ್ತಾ ಹುಡುಕ್ತಾ ಅಲ್ಲೇ ನಿದ್ದೆ ಹೋಗ್ತಾರೆ."

sort ಅಂದರೆ ಜೋಡಿಸುವುದು ಅಂತ ನೀನು ಹೇಳಿದ್ದೆ. ನಾನು ಮೊದಲು ನಾಲ್ಕೇ ಹೆಸರಿನ ಒಂದು ಪಟ್ಟಿ ಮಾಡಿ hosa = hale.sort() ಅಂತ ಹೊಡೆದೆ. ಹೊಸದನ್ನು ತೋರಿಸು ಅಂದರೆ None ಅಂತ ಬಂತು. ಒಬ್ಬರೂ ಇಲ್ಲ! ಮೇನ್ ಸ್ವಿಚ್ಚನ್ನೇ ತೆಗೆದುಬಿಟ್ಟೆ. ಪಟ್ಟಿ ನುಂಗಿಹಾಕಿತೇ? ದೊಡ್ಡ ಪಟ್ಟಿಯನ್ನು ಮುಟ್ಟಲು ಧೈರ್ಯವಿಲ್ಲ. ಬೇಗ ಬರಿ.

ನಿನ್ನ ಮಾವ
ಚಿತ್ತಪ್ಪ


ಚಿತ್ರದುರ್ಗ
22–10–2001

ಮಾವ,

ನಮಸ್ಕಾರ. ನಿಮ್ಮ ಕಾಗದ ಓದಿ ನಕ್ಕೆ, ಬೇಜಾರು ಮಾಡಿಕೊಳ್ಳಬೇಡಿ. ಮೇನ್ ಸ್ವಿಚ್ ತೆಗೆಯುವಂಥದ್ದು ಏನೂ ಆಗಿಲ್ಲ.

sort ಅನ್ನುವುದು ಕೆಲಸದ ಆಳು ಇದ್ದ ಹಾಗೆ. ಮನೆ ಗುಡಿಸಿ ಬಾ ಅಂದರೆ ಗುಡಿಸಿ ಬರಿಗೈಯಲ್ಲಿ ಬರುತ್ತಾಳೆ. ಮನೆಯನ್ನೇ ಹೊತ್ತು ತಂದು ನಿಮ್ಮ ಕೈಗೆ ಕೊಡುವುದಿಲ್ಲ. ನೀವು ಆ ಬರಿಗೈಗೆ hosa ಅಂತ ಹೆಸರಿಟ್ಟಿರಿ. ಅದಕ್ಕೇ None. ಹಳೇ ಪಟ್ಟಿ ಎಲ್ಲೂ ಹೋಗಿಲ್ಲ, ಇದ್ದಲ್ಲೇ ಜೋಡಣೆಯಾಗಿ ಕೂತಿರುತ್ತದೆ.

ನಿಮಗೆ ಎರಡೂ ಪಟ್ಟಿ ಬೇಕು ತಾನೆ? ಮೊದಲು ಒಂದು ನಕಲು ಮಾಡಿಕೊಳ್ಳಿ, ನಕಲನ್ನು ಜೋಡಿಸಿ. ಹೀಗೆ:

saradi = open('saradi.txt').readlines()
akaradi = saradi
akaradi.sort()

ಕೊನೆಗೆ ಎರಡಕ್ಕೂ ಕ್ರಮಸಂಖ್ಯೆ ಹಾಕಿ, ತಮ್ಮ ತಮ್ಮ ಹೆಸರಿನ ಫೈಲಿಗೆ ಬರೆದಿಡುವ ಸಾಲುಗಳನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಇದ್ದ ಹಾಗೇ ಹೊಡೆಯಿರಿ. ಕಣ್ಣು ಮುಚ್ಚಿಕೊಂಡು ಮಾಡಿ, ನಾನಿದ್ದೇನೆ.

ಕಂಪ್ಯೂಟರ್ ಕಲಿಸುವ ಸೆಂಟರಿನಲ್ಲಿ ನನಗೀಗ ಮೂರು ಬ್ಯಾಚು. ಡಿಪ್ಲೊಮಾ ಮುಗಿಸಿದವರು ಇಲ್ಲಿ ನಾನೊಬ್ಬಳೇ ಅಂತ ಎಲ್ಲವೂ ನನ್ನ ತಲೆಗೇ. ಗಂಟಲು ಕಟ್ಟಿಹೋಗಿದೆ. ಅಮ್ಮನಿಗೆ ಹೇಳಬೇಡಿ, ಕಷಾಯದ ಪುಡಿ ಕಳಿಸುತ್ತಾಳೆ.

ಬೃಂದಾ


ಮಾರಿಕಣಿವೆ
5–11–2001

ಬೃಂದಾ ಮಗಳೇ,

ಆಯಿತು! ನೀನು ಬರೆದ ಹಾಗೇ ಒಂದೊಂದು ಅಕ್ಷರ ಬೆರಳಿಟ್ಟು ನೋಡಿ ಹೊಡೆದೆ. ಯಾವ ತಕರಾರೂ ಬರಲಿಲ್ಲ. ಎರಡು ಫೈಲು, ಎರಡು ಪ್ರಿಂಟು. ಅಕಾರಾದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಸರದಿ ಪಟ್ಟಿಯನ್ನು ಮಡಿಚಿ ಫೈಲಿಗೆ ಹಾಕಿ ಬೀರುವಿನಲ್ಲಿಟ್ಟೆ. ಅದನ್ನು ಬಿಚ್ಚಿ ನೋಡಲಿಲ್ಲ. ನೋಡಿದರೆ ಏನಾದರೂ ತಪ್ಪು ಕಾಣುತ್ತದೇನೋ ಅಂತ ಹೆದರಿಕೆ. ನನ್ನ ಬುದ್ಧಿಯೇ ಹಾಗೆ.

ಹಿರಿಯೂರಿನಿಂದ ನೀರಾವರಿ ಸಾಹೇಬರು ಬರುವವರಿದ್ದರು. ಶಿವಕುಮಾರಪ್ಪನವರು "ಆ ಕ್ಯಾಲೆಂಡರ್ ಕಸನೆಲ್ಲ ಮೊದ್ಲು ಎತ್ರಿ" ಅಂದರು. ಮನೆಗೆ ತಂದೆ. ನಿನ್ನ ಅತ್ತೆ ನೀರಿನ ಒಲೆಗೆ ಹಾಕಿದಳು.

ಸಣ್ಣತಿಮ್ಮಪ್ಪ ಬಂದಿದ್ದ. ಕಂಪ್ಯೂಟರ್ ಪೆಟ್ಟಿಗೆ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಎಲ್ಲಾ ಇದ್ರಾಗೈತಾ?" ಅಂದ. ಐತೆ ಅಂದೆ. "ಹಂಗಾದ್ರೆ ಇನ್ನ ನಾನು ಮರೀಬೋದು ಬಿಡು. ಐವತ್ತು ವರ್ಷ ಹೊತ್ತಿದ್ದೆ ಕಣಪ್ಪ, ತಲೆ ಹಗುರಾತು" ಅಂತ ಹೇಳಿ ಬೀಡಿ ಹಚ್ಚಿಕೊಂಡು ಹೋದ. ಹೋಗುವಾಗ ಅವನ ಬೆನ್ನು ನೋಡಿ ನನಗೆ ಯಾಕೋ ಸಂಕಟವಾಯಿತು.

ಗಂಟಲಿಗೆ ಉಪ್ಪುನೀರು ಮುಕ್ಕಳಿಸು.

ನಿನ್ನ ಮಾವ


ಮಾರಿಕಣಿವೆ
26–11–2001

ಬೃಂದಾ,

ಹಿಂದಿನ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಕೆಲಸ ಇರುತ್ತದೆ, ಗೊತ್ತು.

ಸಣ್ಣತಿಮ್ಮಪ್ಪನಿಗೆ ಲಕ್ವ ಹೊಡೆದಿದೆ. ಹದಿನೈದನೇ ತಾರೀಕು ಬೆಳಗ್ಗೆ ಬಾಯಿ ತೊಳೆಯುತ್ತಿದ್ದವನು ಹಾಗೇ ಒರಗಿದ. ಬಲಗಡೆ ಸ್ವಾಧೀನವಿಲ್ಲ. ಮಾತೂ ಹೋಗಿದೆ. ಹಿರಿಯೂರು ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡು ಕಳಿಸಿದರು. ನೋಡಲು ಹೋದರೆ ಎಡಗೈಯಲ್ಲಿ ನನ್ನ ಕೈ ಹಿಡಿದುಕೊಳ್ಳುತ್ತಾನೆ. ನನಗೆ ಅಲ್ಲಿ ಕೂರಲು ಆಗುವುದಿಲ್ಲ.

ಇನ್ನೊಂದು ಮಾತು. ಇದು ಬರೀ ಅಭ್ಯಾಸಕ್ಕೆ ಕೇಳುತ್ತಿದ್ದೇನೆ, ಏನೂ ಆಗಿಲ್ಲ. ಒಂದು ಹಣ್ಣಿನ ಪಟ್ಟಿ ಇದೆ ಅನ್ನು. ಮಾವು, ಬಾಳೆ, ಹಲಸು, ಹೀಗೆ ನಲವತ್ತಮೂರು ಹಣ್ಣು. ಅದಕ್ಕೆ ನೀನು ಹೇಳಿದ ಹಾಗೆ ನಕಲು ಮಾಡಿ, ನಕಲನ್ನು ಮಾತ್ರ ಜೋಡಿಸಿದೆ ಅನ್ನು. ಆದರೆ ತೆಗೆದು ನೋಡಿದರೆ ಮೂಲವೂ ಅಕಾರಾದಿಯಾಗಿಯೇ ಕೂತಿದೆ. ಹಾಗೆ ಆಗುವುದುಂಟೇ? ಹಾಗೆ ಆಗಿದ್ದರೆ ಮೂಲವನ್ನು ವಾಪಸ್ ತರಿಸಬಹುದೇ? ಶಾಲೆಯಲ್ಲಿ ನಾನು ಪಕ್ಕದವನ ಪುಸ್ತಕ ನೋಡಿ ನಕಲು ಮಾಡುತ್ತಿದ್ದೆ. ನನ್ನ ಪುಸ್ತಕದಲ್ಲಿ ಶಾಯಿ ಚೆಲ್ಲಿದರೆ ಅವನ ಪುಸ್ತಕ ಕೆಡುತ್ತಿರಲಿಲ್ಲ. ಅದಕ್ಕೇ ಕೇಳಿದೆ.

ಅವಸರವೇನಿಲ್ಲ. ಆದರೂ ಈ ವಾರವೇ ಬರೆದರೆ ಒಳ್ಳೆಯದು.

ನಿನ್ನ ಮಾವ


30–12–2001

ಮಾವ,

ತಡವಾಯಿತು. ನಿಮ್ಮ ಎರಡು ಕಾಗದವೂ ಒಟ್ಟಿಗೇ ಕೈಗೆ ಬಂದವು. ಕೆಲಸದ ಗಡಿಬಿಡಿ, ಬೇರೇನಿಲ್ಲ. ಸಣ್ಣತಿಮ್ಮಪ್ಪಜ್ಜನ ವಿಷಯ ಓದಿ ಬೇಜಾರಾಯಿತು. ಪುಣ್ಯಕ್ಕೆ ಅವನ ಸರದಿಯನ್ನು ನೀವು ಮೊದಲೇ ಬರೆದಿಟ್ಟಿರಿ. ನಿಮ್ಮ ಹೆದರಿಕೆ ಒಂದು ಸಲವಾದರೂ ಉಪಯೋಗಕ್ಕೆ ಬಂತು ನೋಡಿ.

ಮಾರಿಕಣಿವೆಯಲ್ಲಿ ನಲವತ್ತಮೂರು ಥರ ಹಣ್ಣು ಎಲ್ಲಿ ಸಿಕ್ಕಿತು? ನನಗೂ ಕಳಿಸಿ.

ನಿಮ್ಮ ಪ್ರಶ್ನೆಗೆ ಉತ್ತರ. ಹೌದು, ಹಾಗೇ ಆಗುತ್ತದೆ. ಪೈಥಾನಿನಲ್ಲಿ ಹೆಸರು ಅನ್ನುವುದು ಸಾಮಾನು ಇಡುವ ಡಬ್ಬಿಯಲ್ಲ, ಎಮ್ಮೆಗೆ ಕಟ್ಟಿದ ಹಗ್ಗ. ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಇದೆ. ಅದಕ್ಕೆ ಒಂದು ಹಗ್ಗ ಆಗಲೇ ಇದೆ. ಸಮ ಚಿಹ್ನೆ ಹಾಕಿ ಇನ್ನೊಂದು ಹೆಸರು ಕೊಟ್ಟರೆ ಇನ್ನೊಂದು ಎಮ್ಮೆ ಬರುವುದಿಲ್ಲ. ಅದೇ ಎಮ್ಮೆಗೆ ಇನ್ನೊಂದು ಹಗ್ಗ ಬೀಳುತ್ತದೆ ಅಷ್ಟೇ. ಈ ಹಗ್ಗ ಹಿಡಿದು ಕೆರೆಗೆ ಎಳೆದುಕೊಂಡು ಹೋದರೆ, ಆ ಹಗ್ಗದ ತುದಿಯಲ್ಲಿರುವ ಎಮ್ಮೆಯೂ ಕೆರೆಯಲ್ಲೇ ಇರುತ್ತದೆ. ಬೇರೆ ಎಮ್ಮೆಯೇ ಬೇಕಾದರೆ ಹೆಸರಿನ ತುದಿಗೆ [:] ಹಾಕಬೇಕು. ಆಗ ಒಳಗಿರುವುದನ್ನೆಲ್ಲ ಮೊದಲಿನಿಂದ ಕೊನೆತನಕ ತೆಗೆದುಕೊಂಡು ಹೊಸ ಪಟ್ಟಿ ಮಾಡುತ್ತದೆ.

ಜೋಡಿಸಿದ ಮೇಲೆ ಹಳೇ ಕ್ರಮ ವಾಪಸ್ ಬರುವುದಿಲ್ಲ. ಹಣ್ಣಿನ ಪಟ್ಟಿ ತಾನೆ, ಹೋಗಲಿ ಬಿಡಿ.

ಬೃಂದಾ


ಮಾರಿಕಣಿವೆ
6–1–2002

ಬೃಂದಾ,

ಹಣ್ಣಲ್ಲ ಮಗಳೇ.

ಒಂದೂವರೆ ತಿಂಗಳಿಂದ ಯಾರಿಗೂ ಹೇಳಿಲ್ಲ. ನಿನ್ನ ಅತ್ತೆಗೂ ಹೇಳಿಲ್ಲ. ಈಗ ಹೇಳದೆ ಇದ್ದರೆ ನನಗೇ ಲಕ್ವ ಹೊಡೆಯುತ್ತದೆ.

ನವೆಂಬರ್ ಇಪ್ಪತ್ತಕ್ಕೆ ಶಿವಕುಮಾರಪ್ಪನವರು ಬೀರು ತೆಗೆಸಿ ಸರದಿ ಪಟ್ಟಿಯನ್ನೂ ಗೋಡೆಗೆ ಹಾಕಿಸಿದರು. ಮಾರನೇ ದಿನವೇ ಅನ್ನಪೂರ್ಣಮ್ಮನವರು ಕೊಬ್ಬರಿ ಸಕ್ಕರೆ ಹಿಡಿದುಕೊಂಡು ಆಫೀಸಿಗೆ ಬಂದರು. "ಏನ್ ಚಿತ್ತಪ್ಪ, ಈ ಸಲ ಮೊದ್ಲ ಸರದಿ ನಮ್ದಂತಲ್ಲ! ನಮ್ಮತ್ತೆ ಕಾಲದಾಗೂ ಹಿಂಗಾಗಿರ್ಲಿಲ್ಲ. ತಗಳಪ್ಪ, ಬಾಯಿ ಸಿಹಿ ಮಾಡ್ಕ." ನಾನು ಎದ್ದು ಹೋಗಿ ಎರಡು ಪಟ್ಟಿಯನ್ನೂ ಪಕ್ಕಪಕ್ಕ ನೋಡಿದೆ. ಎರಡರಲ್ಲೂ ಅನ್ನಪೂರ್ಣಮ್ಮ ಮೊದಲು. ಎರಡರಲ್ಲೂ ಗಿರಿಯಮ್ಮ ಕಡೆ. ಗಿರಿಯಮ್ಮನ ಹೆಸರಿನ ಮೊದಲಕ್ಷರವನ್ನು ನಾನು ಸಣ್ಣದಾಗಿ ಹೊಡೆದಿದ್ದೆ, ಅದಕ್ಕೆ ದೊಡ್ಡ ಅಕ್ಷರದವರೆಲ್ಲ ಮುಗಿದ ಮೇಲೆ ಯಂತ್ರ ಅವಳನ್ನು ತಳಕ್ಕೆ ತಳ್ಳಿದೆ. ಬಾಯಲ್ಲಿದ್ದ ಕೊಬ್ಬರಿ ನುಂಗಲಾಗಲಿಲ್ಲ. "ಇದು ಅಚ್ಚಿನ ತಪ್ಪು" ಅಂತ ಹೇಳಿ ಪಟ್ಟಿ ಕಿತ್ತೆ. ಕಂಪ್ಯೂಟರಿನಲ್ಲಿ saradi ಫೈಲು ತೆಗೆದರೆ ಅದರಲ್ಲೂ ಹಾಗೇ.

ಸರದಿ ಎಲ್ಲೂ ಇಲ್ಲ. ಕ್ಯಾಲೆಂಡರು ಒಲೆಗೆ ಹೋಯಿತು. ಮುದುಕನ ಮಾತು ಹೋಯಿತು. ತಪ್ಪು ನನ್ನದೇ. ಯಾವುದೋ ಸಾಲು ಏನೋ ಹೊಡೆದಿದ್ದೇನೆ. ಓದು ಪೂರ್ತಿ ಮಾಡದವನು ಇಂಥದ್ದಕ್ಕೆ ಕೈ ಹಾಕಬಾರದಿತ್ತು.

ಇಪ್ಪತ್ತೊಂದನೇ ತಾರೀಕು ನಮ್ಮ ತೂಬು ಎತ್ತುತ್ತಾರೆ. ಸರದಿ ಇಲ್ಲದೆ ಎತ್ತಿದರೆ ಮೊದಲ ದಿನವೇ ಗುದ್ದಲಿಯಲ್ಲಿ ಹೊಡೆದಾಡಿಕೊಳ್ಳುತ್ತಾರೆ. ಯಾರಿಗಾದರೂ ಏನಾದರೂ ಆದರೆ ಅದು ನನ್ನ ತಲೆಗೆ. ಊಟ ಸೇರುತ್ತಿಲ್ಲ. ಯಂತ್ರಕ್ಕೆ ಎಲ್ಲಾದರೂ ಒಳಗೆ ನೆನಪಿರುತ್ತದೆಯೇ? ಒಂದು ಸಲ ಯೋಚನೆ ಮಾಡಿ ಬರಿ.

ನಿನಗೆ ನನ್ನ ಮೇಲೆ ಕೋಪವಿದ್ದ ಹಾಗಿದೆ. ಕಾಗದ ತಡವಾಗುತ್ತಿದೆ, ಚಿಕ್ಕದಾಗುತ್ತಿದೆ. ದಡ್ಡನಿಗೆ ಹೇಳಿಕೊಟ್ಟು ಬೇಸತ್ತಿರಬಹುದು. ಆದರೂ ಬರಿ.

ಚಿತ್ತಪ್ಪ


11–1–2002

ಮಾವ,

ನಿನ್ನೆ ಸಿಕ್ಕಿತು. ಯಂತ್ರಕ್ಕೆ ನೆನಪಿಲ್ಲ. ಅದೇ ಫೈಲಿನ ಮೇಲೆ ಬರೆದರೆ ಹಳೆಯದು ಅಳಿದುಹೋಗುತ್ತದೆ. ಸುಳ್ಳು ಧೈರ್ಯ ಹೇಳುವುದಿಲ್ಲ.

ನಿಮ್ಮ ಮೇಲೆ ನನಗೆ ಯಾವ ಕೋಪವೂ ಇಲ್ಲ.

ಅಕ್ಟೋಬರಿನಲ್ಲಿ ನಾನು ಬರೆದ ಕಾಗದ, ಆ ಸಾಲುಗಳು ಇದ್ದದ್ದು, ಇನ್ನೂ ನಿಮ್ಮ ಹತ್ತಿರ ಇದೆಯೇ? ಇದ್ದರೆ ವಾಪಸ್ ಕಳಿಸಿ. ಒಂದು ಸಲ ನೋಡಬೇಕು. ಚಿತ್ರದುರ್ಗಕ್ಕೆ ಬೇಡ, ಹೊಸದುರ್ಗಕ್ಕೆ ಅಮ್ಮನ ವಿಳಾಸಕ್ಕೆ ಹಾಕಿ.

ಬೃಂದಾ


ಮಾರಿಕಣಿವೆ
19–1–2002

ಬೃಂದಾ ಮಗಳೇ,

ಕೈ ಸೋತಿದೆ, ಕಾಲು ಅದಕ್ಕಿಂತ ಸೋತಿದೆ. ಆದರೂ ಬರೆದುಬಿಡುತ್ತೇನೆ.

ಹನ್ನೆರಡನೇ ತಾರೀಕು ಗಿರಿಯಮ್ಮನ ಮನೆಗೆ ಹೋದೆ. ಗಂಡನಿಲ್ಲದ ಹೆಂಗಸು, ಕಾಲುವೆ ಅಂಚಿಗೆ ಒಂದು ಪಟ್ಟೆ ಹೊಲ, ಕಡ್ಲೆಕಾಯಿ ಹಾಕುತ್ತಾಳೆ. ಪಟ್ಟಿಯಲ್ಲಿ ಕಡೆಗೆ ಹೋಗಿದ್ದವಳು ಅವಳು. ಒಂದು ದಿನವೂ ಬಂದು ಕೇಳಿರಲಿಲ್ಲ. ಯಾಕವ್ವಾ ಕೇಳಲಿಲ್ಲ ಅಂದೆ.

"ಬರ್ದೋರಿಗೆ ಗೊತ್ತಿರ್ತೈತೆ ಅಂತ ಸುಮ್ಕಾದೆ ಕಣಪ್ಪ. ಪೆಟ್ಗೆ ಹೇಳೈತೆ ಅಂದ್ರೆ ನಾನೇನ್ ಅದುರ್ ಮುಂದೆ?"

ಆಗ ನನ್ನ ಬಾಯಿಂದ ಬಂದುಬಿಟ್ಟಿತು. ಗೊತ್ತಿಲ್ಲವ್ವಾ, ನಾನು ಕೆಡಿಸಿಬಿಟ್ಟೆ, ಸರದಿ ಕಳೆದುಹೋಗಿದೆ ಅಂದೆ. ಅವಳು ಕೇರುತ್ತಿದ್ದ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಅದೆಂಗ್ ಕಳೀತೈತೆ? ನಂಗೆ ಕಡ್ಡಿ ಕೊಡೋನು ದಾಸಣ್ಣ. ನಾನ್ ಕೊಡೋದು ಮಾರುತೇಶಪ್ಪಂಗೆ. ಅಷ್ಟು ನಂಗೊತ್ತು."

ಕಡ್ಡಿಯ ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ತೂಬು ಎತ್ತಿದ ದಿನ ನೀರಗಂಟಿ ಲಕ್ಕಿ ಗಿಡದ ಒಂದು ಹಸಿ ಕಡ್ಡಿ ಮುರಿದು ಮೊದಲ ಸರದಿಯವನ ಬದುವಿಗೆ ನೆಡುತ್ತಾನೆ. ತನ್ನ ಹೊಲ ನೆನೆದ ಮೇಲೆ ಅವನು ಅದನ್ನು ಕಿತ್ತು ಮುಂದಿನವನ ಮನೆ ಬಾಗಿಲಿಗೆ ಒಯ್ದು, "ನೀರು ನಿಮ್ದು" ಅಂತ ಹೇಳಿ ಕೊಡಬೇಕು. ಹೀಗೇ ಕೈಯಿಂದ ಕೈಗೆ. ಸಂಘ ಆದ ಮೇಲೆ ಕಡ್ಡಿಗಿಡ್ಡಿ ಎಲ್ಲ ಬೇಡ, ನೋಟೀಸು ಬೋರ್ಡು ಸಾಕು ಅಂತ ತೀರ್ಮಾನವಾಗಿತ್ತು. ಪೂರಾ ಸರದಿ ಮುದುಕನೊಬ್ಬನಿಗೇ ಗೊತ್ತಿದ್ದದ್ದು ನಿಜ. ಆದರೆ ತನಗೆ ಕೊಡುವವರು ಯಾರು, ತಾನು ಕೊಡಬೇಕಾದವರು ಯಾರು, ಆ ಎರಡು ಹೆಸರು ಮನೆಮನೆಗೂ ಗೊತ್ತು. ಎರಡು ತಿಂಗಳು ಇದು ನನಗೆ ಯಾಕೆ ಹೊಳೆಯಲಿಲ್ಲ? ಯಾರನ್ನಾದರೂ ಕೇಳಿದ್ದರೆ ತಾನೆ ಹೊಳೆಯುವುದು! ಕೇಳಬೇಕಾದರೆ ಕಳೆದದ್ದನ್ನು ಹೇಳಬೇಕಿತ್ತು.

ಐದು ದಿನ ನಲವತ್ತಮೂರು ಬಾಗಿಲು ತಟ್ಟಿದೆ. ಪ್ರತಿ ಬಾಗಿಲಲ್ಲೂ ಮೊದಲು ನನ್ನ ತಪ್ಪು ಹೇಳಬೇಕು, ಆಮೇಲೆ ಎರಡು ಹೆಸರು ಕೇಳಬೇಕು. ಮೊದಲ ಮನೆಯಲ್ಲಿ ನಾಲಿಗೆ ತೊದಲಿತು. ಒಬ್ಬರು "ಲೇ, ನಿನ್ ಕೈಗೆ ಪೆಟ್ಗೆ ಕೊಟ್ಟೋನಿಗೆ ಹೇಳ್ಬೇಕು" ಅಂದರು. ಇನ್ನೊಬ್ಬರು ಮಜ್ಜಿಗೆ ಕೊಟ್ಟರು. ಅನ್ನಪೂರ್ಣಮ್ಮನವರು "ಹಂಗಾದ್ರೆ ನನ್ ಕೊಬ್ರಿ ಸಕ್ರೆ ವಾಪಸ್ ಕೊಡು" ಅಂತ ನಕ್ಕು, ತಮ್ಮದು ಹತ್ತೊಂಬತ್ತನೆಯದು ಅಂತ ತಾವೇ ಹೇಳಿದರು. ಇಪ್ಪತ್ತನೇ ಮನೆಯ ಹೊತ್ತಿಗೆ ನನಗೆ ಹೆದರುವುದಕ್ಕೂ ಸುಸ್ತಾಗಿತ್ತು. ಬಾಯಿಪಾಠ ಒಪ್ಪಿಸುವ ಹಾಗೆ ಒಪ್ಪಿಸಿಕೊಂಡು ಹೋದೆ.

ಒಂದು ಕಡೆ ಸಿಕ್ಕಿಕೊಂಡಿತು. ಜಂಪಣ್ಣನೂ "ದಾಸಣ್ಣ ಕೊಡೋದು ನಂಗೇ" ಅಂದ. ಗಿರಿಯಮ್ಮನದೂ ಅದೇ ಮಾತು. ಒಂದು ಕಡ್ಡಿ ಇಬ್ಬರಿಗೆ ಹೇಗೆ ಕೊಡುತ್ತಾನೆ? ದಾಸಣ್ಣನನ್ನೇ ಕೇಳಿದೆ. "ಇಬ್ರೂ ಬೇಕಾದೋರು ಕಣಪ್ಪ ನಂಗೆ. ಮೂರು ವರ್ಷ ಆತು, ನೆಪ್ಪಿಲ್ಲ" ಅಂದ. ನೆನಪಿದೆ ಅಂತ ಅವನ ಕಣ್ಣೇ ಹೇಳುತ್ತಿತ್ತು. ಜಂಪಣ್ಣ ಅವನ ಬೀಗ. ಮಾರುತೇಶಪ್ಪನನ್ನು ಕೇಳೋಣ ಅಂದರೆ, ಅವನ ಅಪ್ಪ ತೀರಿಕೊಂಡು ಹೊಲ ಅವನ ಕೈಗೆ ಬಂದು ಎರಡೇ ವರ್ಷ, ಒಂದು ಸಲವೂ ಕಡ್ಡಿ ಕಂಡವನಲ್ಲ. ದಾಸಣ್ಣನದು ಐದನೇ ಸರದಿ. ಅವನ ನಂತರ ಜಂಪಣ್ಣ ಆರನೆಯವನಾದರೆ ಗಿರಿಯಮ್ಮ ಎಲ್ಲಿಗೂ ಸೇರದೆ ಕಡೆಗೇ ಉಳಿಯುತ್ತಾಳೆ. ಅಷ್ಟು ದಿನ ಅವಳ ಕಡ್ಲೆಕಾಯಿ ತಡೆಯುವುದಿಲ್ಲ.

ಕೊನೆಗೆ ಉಳಿದದ್ದು ಒಂದೇ ಬಾಗಿಲು. ನಾನು ಬೇಕೆಂದೇ ಬಿಟ್ಟಿದ್ದ ಬಾಗಿಲು.

ನಿನ್ನೆ ಸಣ್ಣತಿಮ್ಮಪ್ಪನ ಹಾಸಿಗೆಯ ಪಕ್ಕ ಕೂತೆ. ದಾಸಣ್ಣ, ಜಂಪಣ್ಣ, ಗಿರಿಯಮ್ಮ ಮೂವರನ್ನೂ ಕರೆದಿದ್ದೆ. "ನೀನ್ ಹೊತ್ಕಂಡಿದ್ದನ್ನ ನಾನ್ ಚೆಲ್ಬಿಟ್ಟೆ ಕಣಜ್ಜ" ಅಂದೆ. ಕಣ್ಣು ಮಿಟುಕಿಸದೆ ನೋಡಿದ. ಕಾಗದ ತೆಗೆದು ಓದತೊಡಗಿದೆ. ಒಂದೊಂದು ಹೆಸರಿಗೂ ಎಡಗೈಯ ತೋರುಬೆರಳಿನಿಂದ ಮಂಚದ ಪಟ್ಟಿಗೆ ಒಂದು ಸಲ ತಟ್ಟಿದ. ಒಂದು, ಎರಡು, ಮೂರು, ನಾಲ್ಕು. ದಾಸಣ್ಣ ಅಂದೆ, ತಟ್ಟಿದ. ಜಂಪಣ್ಣ ಅಂದೆ. ಬೆರಳು ಎತ್ತಿದ್ದು ಎತ್ತಿದ ಹಾಗೇ ನಿಂತಿತು. ಗಿರಿಯಮ್ಮ ಅಂದೆ. ತಟ್ಟಿದ. ಎರಡು ಸಲ ತಟ್ಟಿದ.

"ಹೂಂ, ಹಂಗೇ ಇರ್ಬೋದು. ನಂದು ಅವ್ನು ಮಾರುತೇಶನ್ ಆದ್ಮೇಲೆ ಅಂತ ಕಾಣ್ತೈತೆ" ಅಂತ ಜಂಪಣ್ಣ ಟವೆಲ್ಲು ಕೊಡವಿ ಎದ್ದ. ಗಿರಿಯಮ್ಮ ಮುದುಕನ ಬಾಯಿಂದ ಇಳಿದ ಜೊಲ್ಲು ಒರೆಸಿ ಹೊರಗೆ ಹೋದಳು. ನಲವತ್ತಮೂರೂ ಮುಗಿದಾಗ ಮುದುಕನ ಮುಖದ ಅರ್ಧ ಅಲುಗಿತು. ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ.

ಈ ಸಲ ಮೂರು ಪ್ರತಿ ಕೈಯಲ್ಲೇ ಬರೆದಿದ್ದೇನೆ. ಒಂದು ಶಿವಕುಮಾರಪ್ಪನವರ ಹತ್ತಿರ ಇದೆ. ಅವರು ಬೈದರು, ಬೈದು ಕಡ್ಡಿಯನ್ನೂ ಒಪ್ಪಿಕೊಂಡರು.

ನಿನ್ನ ಹಳೇ ಕಾಗದ ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ. ಅದೂ ಒಲೆಗೆ ಹೋಯಿತೋ ಏನೋ. ಹೋದರೆ ಹೋಗಲಿ. ಹೊಸದುರ್ಗಕ್ಕೆ ಯಾಕೆ ಹಾಕಲು ಹೇಳಿದೆ? ಅಕ್ಕ ಹುಷಾರಾಗಿದ್ದಾಳೆ ತಾನೆ?

ನಿನ್ನ ಮಾವ


ಹೊಸದುರ್ಗ
28–1–2002

ಮಾವ,

ಅಮ್ಮ ಹುಷಾರಾಗಿದ್ದಾಳೆ. ನಾನು ಇಲ್ಲಿಗೆ ಬಂದು ಎರಡೂವರೆ ತಿಂಗಳಾಯಿತು. ನಿಮ್ಮ ಕಾಗದಗಳು ಚಿತ್ರದುರ್ಗದ ಸೆಂಟರಿನ ಮೇಜಿನ ಮೇಲೆ ಬಿದ್ದಿದ್ದವು. ಅಲ್ಲಿನ ತೇಜಸ್ವಿನಿ ಒಟ್ಟು ಮಾಡಿ ಇಲ್ಲಿಗೆ ಕಳಿಸುವ ಹೊತ್ತಿಗೆ ಕ್ರಿಸ್‌ಮಸ್ ಕಳೆದಿತ್ತು. ಅಲ್ಲಿ ನೀವು ಊಟ ಬಿಟ್ಟು ಕಾಯುತ್ತಿದ್ದಿರಿ.

ಸೆಂಟರ್ ಬಿಟ್ಟದ್ದು ಯಾಕೆ ಅಂತ ಅಮ್ಮನಿಗೂ ಹೇಳಿಲ್ಲ. ನವೆಂಬರಿನಲ್ಲಿ ಒಂದು ದಿನ ನಿಮಗೆ ಬರೆದ ಅದೇ ಸಾಲುಗಳನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ಲಕ್ಷ್ಮೀಕಾಂತ್ ಅಂತ ಒಬ್ಬರು, ತಾಲ್ಲೂಕು ಆಫೀಸಿನ ಗುಮಾಸ್ತರು, ಎದ್ದು ನಿಂತು, "ಮೇಡಂ, ನಕಲು ಅಂದ್ರಿ. ನನ್ದ್ರಾಗೆ ಎರಡೂ ಬದಲಾಗ್ಯಾವೆ, ಯಾಕ್ರಿ?" ಅಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಲೂ ಆಗಲಿಲ್ಲ. "ನೀವೇ ಏನೋ ತಪ್ಪು ಹೊಡೆದಿರಬೇಕು, ಕೂತ್ಕೊಳ್ಳಿ" ಅಂದೆ. ಇಡೀ ಕ್ಲಾಸು ನಕ್ಕಿತು. ಅವರು ಕಿವಿ ಕೆಂಪಾಗಿ ಕೂತರು. ಸಂಜೆ ಪುಸ್ತಕ ತೆಗೆದು ಓದಿದೆ. ಎಮ್ಮೆ, ಹಗ್ಗ ಎಲ್ಲ ನಾನು ಅವತ್ತು ಕಲಿತದ್ದು. ಮಾರನೇ ದಿನ ಅವರ ಮುಖ ನೋಡಲಾಗದೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ಡಿಪ್ಲೊಮಾ ಕೂಡ ನಾನು ಮುಗಿಸಿಲ್ಲ ಮಾವ. ಎರಡು ವಿಷಯ ಉಳಿದಿವೆ. ಮೂರು ವರ್ಷದಿಂದ ಮುಗಿಸಿದ್ದೇನೆ ಅಂತಲೇ ಹೇಳಿಕೊಂಡು ಬಂದೆ.

ನೀವು ಯಾವ ಸಾಲನ್ನೂ ತಪ್ಪು ಹೊಡೆಯಲಿಲ್ಲ. ನಾನು ಬರೆದದ್ದನ್ನೇ ಬೆರಳಿಟ್ಟು ಹೊಡೆದಿರಿ. ಎರಡನೇ ಸಾಲು ತಪ್ಪು, ಅದು ನನ್ನದು. ಎಮ್ಮೆಯ ಕಥೆ ಬರೆಯುವಾಗಲೂ ನನಗೆ ಗೊತ್ತಿತ್ತು, ಹಣ್ಣು ತಾನೆ ಅಂತ ನುಂಗಿಕೊಂಡೆ. ಆಮೇಲೆ ಹಣ್ಣಲ್ಲ ಅಂತ ನೀವು ಬರೆದಾಗ, ತಪ್ಪು ನನ್ನದೇ ಅಂತಲೂ ನೀವೇ ಬರೆದುಕೊಂಡಿದ್ದಿರಿ. ಆ ಕಾಗದ ವಾಪಸ್ ಕೇಳಿದ್ದು ನೋಡುವುದಕ್ಕಲ್ಲ. ಹರಿದು ಹಾಕುವುದಕ್ಕೆ. ನೀವು ನಲವತ್ತಮೂರು ಮನೆಯಲ್ಲಿ ಹೇಳಿದ ತಪ್ಪಿನಲ್ಲಿ ಒಂದು ಮನೆಯದೂ ನಿಮ್ಮದಲ್ಲ. ಬೈದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ಬೃಂದಾ


ಮಾರಿಕಣಿವೆ
11–2–2002

ಬೃಂದಾ ಮಗಳೇ,

ಈ ಸಲ ತಡ ಮಾಡಿದ್ದು ನಾನು. ಕೋಪಕ್ಕಲ್ಲ. ಇಪ್ಪತ್ತೊಂದರಿಂದ ದಿನಾ ಕಾಲುವೆಯ ಮೇಲೆ ಇದ್ದೇನೆ. ಪಾದದಲ್ಲಿ ಬೊಬ್ಬೆ, ಸೊಂಟ ಬಿದ್ದುಹೋಗಿದೆ. ಕಡ್ಡಿ ಮೊದಲ ಬದುವಿಗೆ ನೆಡುವುದು ಯಾರು ಅನ್ನುವ ಮಾತು ಬಂದಾಗ, ಸಣ್ಣತಿಮ್ಮಪ್ಪನ ಎಡಗೈಗೆ ಕೊಟ್ಟು ಮುರಿಸಿಕೊಂಡು ಬಂದೆ. ಗಿರಿಯಮ್ಮನ ಹೊಲ ನೆನೆದು ಆಗಲೇ ಎರಡು ವಾರವಾಯಿತು. ಇವತ್ತು ಕಡ್ಡಿ ಇಪ್ಪತ್ತೆಂಟನೇ ಮನೆಯಲ್ಲಿದೆ. ಅರ್ಧ ಒಣಗಿದೆ. ಯಾರೂ ಗುದ್ದಲಿ ಎತ್ತಿಲ್ಲ. ಜಂಪಣ್ಣ ಮಾತ್ರ ನನ್ನನ್ನು ಕಂಡರೆ ಕೆಮ್ಮುತ್ತಾನೆ.

ನಾನೂ ನಿನಗೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಹಳೇ ಕಾಗದ ಕಳೆದಿರಲಿಲ್ಲ. ಜೇಬಿನಲ್ಲೇ ಇತ್ತು. ಎಮ್ಮೆಯ ಕಾಗದ ಬಂದ ದಿನವೇ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದ್ದೆ. ಎರಡನೇ ಸಾಲು ನೋಡಿದ ಕೂಡಲೇ ನನ್ನಂಥವನಿಗೂ ತಿಳಿಯಿತು. ಬರೆಯಲು ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲಿ ಓದು ಪೂರ್ತಿ ಮಾಡಿದವಳು ನೀನೊಬ್ಬಳು ಅಂದುಕೊಂಡಿದ್ದೆ. ಅದನ್ನು ಕೆಡಿಸಿಕೊಳ್ಳಲು ನನಗೇ ಇಷ್ಟವಿರಲಿಲ್ಲ. ಈಗ ನೀನೂ ನನ್ನ ಜೊತೆಯವಳೇ ಅಂತಾಯಿತು. ನಿಜ ಹೇಳಲಾ? ಸ್ವಲ್ಪ ಸಮಾಧಾನವೂ ಆಯಿತು.

ನಲವತ್ತಮೂರು ಬಾಗಿಲು ತಟ್ಟಿದವನು ಒಂದು ಮಾತು ಹೇಳುತ್ತೇನೆ, ಕೇಳು. ನೀನು ತಟ್ಟಬೇಕಾದದ್ದು ಒಂದೇ ಬಾಗಿಲು. ಆ ಲಕ್ಷ್ಮೀಕಾಂತ್ ಅನ್ನುವವರ ತಾಲ್ಲೂಕು ಆಫೀಸಿಗೆ ಹೋಗಿ, ನೀವು ಸರಿ, ನಾನು ತಪ್ಪು ಅಂತ ಹೇಳಿ ಬಾ. ಮೊದಲು ನಾಲಿಗೆ ತೊದಲುತ್ತದೆ. ಆಮೇಲೆ ಸುಸ್ತಾಗುತ್ತದೆ, ಅಷ್ಟೇ. ಉಳಿದ ಎರಡು ವಿಷಯದ ಮಾತು ಅದಾದ ಮೇಲೆ.

ನಿನ್ನ ಕಾಗದವನ್ನು ಇದರ ಜೊತೆ ಕಳಿಸಿದ್ದೇನೆ. ಹರಿಯಬೇಡ. ನನಗೆ ವಾಪಸ್ ಬೇಕು. ಮುಂದಿನ ವರ್ಷ ಸರದಿ ಹೊಡೆಯುವಾಗ ಇದನ್ನೇ ನೋಡಿ ಹೊಡೆಯುತ್ತೇನೆ. ಎರಡನೇ ಸಾಲನ್ನು ನಾನು ಅಳಿಸಿಲ್ಲ, ನಿನ್ನ ಅಕ್ಷರ ಹಾಗೇ ಇದೆ. ತುದಿಗೆ ನನ್ನ ಕೆಂಪು ಪೆನ್ನಿನಲ್ಲಿ ಇಷ್ಟು ಸೇರಿಸಿದ್ದೇನೆ, ಸರಿಯಿದೆಯೇ ನೋಡು:

akaradi = saradi[:]

ನಿನ್ನ ಮಾವ
ಚಿತ್ತಪ್ಪ